ಪ್ರೀತಿ-ಕೊಲೆಯ ಥ್ರಿಲ್ಲರ್: 14, 16ರ ಮಕ್ಕಳಿಗೆ ತೋರಿಸಬಹುದಾ?

ತುಂಗಾತೀರ, ತೀರ್ಥಹಳ್ಳಿ
ಮಳೆಗೆ ರಜೆ ಕೊಟ್ಟಾಗಲೆಲ್ಲ ಮನೆಯಲ್ಲಿ ಒಂದೇ ಬೇಡಿಕೆ. ಎಲ್ಲರ ಬಾಯಲ್ಲೂ ಇರುವ ಒಂದು ಲವ್ ಥ್ರಿಲ್ಲರ್ ಸರಣಿ ನೋಡಬೇಕಂತೆ. ಎಂಟು ಕಂತು, ಕನ್ನಡ ಡಬ್ಬಿಂಗ್ ಇದೆ. ಹುಡುಗಿಯ ಬೆನ್ನು ಬಿದ್ದು, ಅಡ್ಡ ಬಂದವರನ್ನೆಲ್ಲ ಮುಗಿಸುವ ಹುಡುಗನ ಕಥೆ. ಯು/ಎ 16+ ಅಂತ ಹಾಕಿದ್ದಾರೆ. ಮಗಳು ಮೊದಲ ಪಿಯುಸಿ, 16 ತುಂಬಿದೆ. ಮಗ ಒಂಬತ್ತನೇ ಕ್ಲಾಸು, 14. ಬರೀ ಬೇಡ ಅಂದರೆ ಮೊಬೈಲಿನಲ್ಲಿ ನೋಡುತ್ತಾರೆ. ರಕ್ತ ಎಷ್ಟಿದೆ ಅಂತ ನೋಡಿ ತೀರ್ಮಾನ ಮಾಡಬೇಕಾ, ಇನ್ನೇನು ಗಮನಿಸಬೇಕು? ತಿಳಿದವರು ಬಿಡಿಸಿ ಹೇಳಿ.

ಕೋರ್ಟ್ ರಸ್ತೆ, ಶಿವಮೊಗ್ಗ
ಮೊದಲು ಆ 16+ ಬಗ್ಗೆ. ಥಿಯೇಟರಿಗೆ ಬರುವ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡುತ್ತದೆ. ಒಟಿಟಿ ಸರಣಿಗೆ ಹಾಗಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ಕಂಪನಿಯೇ ತನ್ನ ಸರಣಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಹಾಕಿಕೊಳ್ಳುತ್ತದೆ: ಯು, ಯು/ಎ 7+, 13+, 16+, ಎ. 13+ ಮತ್ತು ಅದರ ಮೇಲಿನದಕ್ಕೆ ಪೋಷಕರ ಲಾಕ್ ಸೌಲಭ್ಯ ಕೊಡಲೇಬೇಕು. ಜೊತೆಗೆ ಹಿಂಸೆ, ಲೈಂಗಿಕತೆ ಮುಂತಾದ್ದು ಏನಿದೆ ಎಂದು ತಿಳಿಸುವ ಸಾಲನ್ನೂ ತೋರಿಸಬೇಕು. ಅಂಕಿಗಿಂತ ಆ ಸಾಲನ್ನು ಓದಿ. ಥಿಯೇಟರಿನ ಯುಎಗೂ 2023ರ ತಿದ್ದುಪಡಿಯಿಂದ ಇದೇ ಮೂರು ವಯಸ್ಸು ಬಂದಿದೆ, ಆದರೆ ಅದು ಪೋಷಕರಿಗೆ ಸೂಚನೆ ಮಾತ್ರ. 18ರ ಒಳಗಿನವರನ್ನು ಗೇಟಿನಲ್ಲೇ ತಡೆಯಬೇಕಾದ್ದು 'ಎ' ಸಿನಿಮಾಕ್ಕೆ. ಅಂದರೆ 16+ ಅನ್ನುವುದು ತೀರ್ಮಾನವನ್ನು ನಿಮ್ಮ ಕೈಗೇ ಕೊಟ್ಟ ಹಾಗೆ.

ಪರದೆ-ಬೆಳಕು, ಹೆಗ್ಗೋಡು
ರಕ್ತದ ಲೆಕ್ಕ ಕೊನೆಗೆ ಇಟ್ಟುಕೊಳ್ಳಿ. ಇಂಥ ಕಥೆಯಲ್ಲಿ ಮಕ್ಕಳ ಮೇಲೆ ಹೆಚ್ಚು ಕೆಲಸ ಮಾಡುವುದು ಚಾಕು ಹಾಕುವ ದೃಶ್ಯವಲ್ಲ, ಅವಳು "ಬೇಡ" ಅಂದ ಮೇಲೆ ಬರುವ ಎರಡು ನಿಮಿಷ.

ಮೊದಲು ನೀವೊಬ್ಬರೇ ನೋಡಿ, ಓಡಿಸದೆ. ಮಕ್ಕಳು ಕನ್ನಡದಲ್ಲಿ ನೋಡುವುದಾದರೆ ನೀವೂ ಕನ್ನಡದಲ್ಲೇ ನೋಡಿ. ಡಬ್ಬಿಂಗಿನಲ್ಲಿ ಬೈಗುಳ, ಬೆದರಿಕೆಯ ಧಾಟಿ ಎರಡೂ ಬದಲಾಗಿರುತ್ತವೆ. ಎಂಟೂ ಕಂತಿಗೆ ಪುರುಸೊತ್ತಿಲ್ಲದಿದ್ದರೆ 1, 2, ನಡುವಿನದೊಂದು ಮತ್ತು ಕೊನೆಯ ಎರಡನ್ನಾದರೂ ನೋಡಲೇಬೇಕು. ಕೊನೆಯದನ್ನು ಬಿಟ್ಟರೆ ಉಳಿದದ್ದು ನೋಡಿ ಉಪಯೋಗವಿಲ್ಲ. ಕಥೆ ಹುಡುಗನನ್ನು ಎಲ್ಲಿಗೆ ಮುಟ್ಟಿಸುತ್ತದೆ ಅನ್ನುವುದು ಅಲ್ಲೇ ಗೊತ್ತಾಗುವುದು. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ನಿಮಿಷ ಬರೆಯಿರಿ. ಕ್ಯಾಮೆರಾ ಯಾರ ಮುಖದ ಮೇಲಿದೆ, ಹಿನ್ನೆಲೆ ಸಂಗೀತ ಯಾರ ಪರ, ಏಟು ತಿಂದವರು ಮುಂದೆ ಕಾಣಿಸುತ್ತಾರಾ, ಇಷ್ಟು ಸಾಕು.

ಬಸ್‌ಸ್ಟ್ಯಾಂಡಿನ ದೃಶ್ಯ ಅಂದುಕೊಳ್ಳಿ. ಅವಳು ಮುಖ ತಿರುಗಿಸಿ ಬಸ್ ಹತ್ತುತ್ತಾಳೆ, ಅವನು ಬೈಕಿನಲ್ಲಿ ಹಿಂದೆಯೇ ಬರುತ್ತಾನೆ. ಇದನ್ನು ಒಮ್ಮೆ ಶಬ್ದ ಪೂರ್ತಿ ಬಂದ್ ಮಾಡಿ ನೋಡಿ, ಆಮೇಲೆ ಶಬ್ದ ಇಟ್ಟು ನೋಡಿ. ಶಬ್ದವಿಲ್ಲದಾಗ ಹೆದರಿಕೆ ಹುಟ್ಟಿಸುವ ದೃಶ್ಯ ಕೊಳಲು-ಗಿಟಾರ್ ಸೇರಿದ ಕೂಡಲೇ ಮುದ್ದಾಗಿ ಕಂಡರೆ, ಬೆನ್ನು ಬೀಳುವುದನ್ನು ಪ್ರೀತಿ ಅಂತ ದಾಟಿಸುತ್ತಿರುವುದು ಸಂಗೀತ. ಕ್ಯಾಮೆರಾ ಬಸ್ಸಿನ ಒಳಗೆ ಅವಳ ಜೊತೆ ಕೂತು, ಕಿಟಕಿಯಿಂದ ಆ ಬೈಕನ್ನು ನೋಡಿದರೆ ಅದೇ ಕಥೆ ಬೇರೆಯಾಗುತ್ತದೆ. ಆಗ ಹಿಂಸೆ ಸ್ವಲ್ಪ ಹೆಚ್ಚಿದ್ದರೂ 16ರ ಹುಡುಗಿಗೆ ತೋರಿಸುವುದರಲ್ಲಿ ಅರ್ಥವಿದೆ.

ಪೂರ್ತಿ ಬೇಡ ಅನ್ನಬೇಕಾದ್ದು ಮೂರಕ್ಕೆ. ಪ್ರೀತಿ ಸಾಬೀತು ಮಾಡಲು ಕೈ ಕೊಯ್ದುಕೊಂಡು ಅದಕ್ಕೆ ಅವಳು ಕರಗುವುದು. ಬಲಾತ್ಕಾರವನ್ನು ಹುಡುಗನ ಸಿಟ್ಟಿಗೆ ಕಾರಣವಾಗಿ ಮಾತ್ರ ಬಳಸಿ, ಆ ಹೆಣ್ಣನ್ನು ಕಥೆಯಿಂದ ಮರೆಸುವುದು. ಕೊಲೆಗಾರನಿಗೆ ಕೊನೆಯಲ್ಲಿ ಅವಳೇ ಬಹುಮಾನವಾಗಿ ಸಿಗುವುದು. ಸ್ಲೋ ಮೋಷನ್ ಹೊಡೆದಾಟ ಇವುಗಳ ಮುಂದೆ ಏನೇನೂ ಅಲ್ಲ.

ಕೋರ್ಟ್ ರಸ್ತೆ, ಶಿವಮೊಗ್ಗ
ಆ ಬಸ್‌ಸ್ಟ್ಯಾಂಡಿನ ದೃಶ್ಯಕ್ಕೆ ಒಂದು ಮಾತು ಸೇರಿಸುತ್ತೇನೆ. ಹೆಣ್ಣು ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು, ಮೆಸೇಜ್ ಮಾಡುವುದು, ಆನ್‌ಲೈನಿನಲ್ಲಿ ಏನು ಮಾಡುತ್ತಾಳೆಂದು ಕಾಯುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಶಿಕ್ಷೆ. ಲೈಂಗಿಕ ಉದ್ದೇಶದಿಂದ 18ರ ಒಳಗಿನವರ ಬೆನ್ನು ಬಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ ಕೂಡ ಬರುತ್ತದೆ. ಇದನ್ನು ಮಗಳಿಗಿಂತ ಮೊದಲು ಮಗನಿಗೆ ಹೇಳಿ.

ಪಿಯು ಮೇಡಂ, ಸಾಗರ
ತುಂಗಾತೀರ ಅವರೇ, ಇಬ್ಬರನ್ನೂ ಒಟ್ಟಿಗೆ ಕೂರಿಸುವುದಾದರೆ ಚಿಕ್ಕವನ ವಯಸ್ಸನ್ನೇ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ವಿವರಣೆ ನೋಡಿದರೆ 14ಕ್ಕೆ ಇದು ಬೇಡ. ಆದರೆ "ನೀನು ಆಚೆ ಹೋಗು" ಅಂದರೆ ರಾತ್ರಿ ಅದೇ ದೃಶ್ಯವನ್ನು ರೀಲ್ಸ್‌ನಲ್ಲಿ ನೋಡುತ್ತಾನೆ, ಅದೂ ಹಿಂದೆ-ಮುಂದೆ ಇಲ್ಲದ 30 ಸೆಕೆಂಡಿನ ತುಂಡು. ಅಲ್ಲಿ ಶಿಕ್ಷೆಯ ಭಾಗ ಇರುವುದಿಲ್ಲ, ಹೀರೋ ನಡಿಗೆ ಮಾತ್ರ ಇರುತ್ತದೆ. ಅವನಿಗೆ ಕಥೆಯನ್ನು ಬಾಯಲ್ಲೇ ಕೊನೆಯವರೆಗೆ ಹೇಳಿ, ಯಾಕೆ ಬೇಡ ಅನ್ನುವುದನ್ನೂ ಹೇಳಿ.

ಮಗಳ ಜೊತೆ ನೋಡುವುದಾದರೆ ಹಗಲು ಹೊತ್ತು, ದಿನಕ್ಕೆ ಎರಡೇ ಕಂತು. ಪ್ರತಿ ಕಂತೂ ಭಯದ ತುದಿಯಲ್ಲಿ ನಿಲ್ಲುತ್ತದೆ. ಅಲ್ಲೇ ಬಂದ್ ಮಾಡಿದರೆ ಅದೇ ತಲೆಯಲ್ಲಿ ತಿರುಗುತ್ತಿರುತ್ತದೆ. ಮುಂದಿನ ಕಂತಿನ ಮೊದಲ ಏಳೆಂಟು ನಿಮಿಷ ನೋಡಿ, ಗಂಟು ಸ್ವಲ್ಪ ಸಡಿಲವಾದ ಮೇಲೆ ನಿಲ್ಲಿಸಿ. ನಮ್ಮ ಕಡೆ ಮಳೆಗಾಲದ ಕರೆಂಟ್ ನಂಬುವ ಹಾಗಿಲ್ಲ, ಹಿಂದಿನ ದಿನವೇ ಟ್ಯಾಬಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ದೃಶ್ಯ ನಡೆಯುವಾಗ ಉಪದೇಶ ಬೇಡ, ಕಿವಿ ಮುಚ್ಚಿಕೊಳ್ಳುತ್ತಾರೆ. ಕಂತು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ಅವಳ ಗೆಳತಿ ನೀನಾಗಿದ್ದರೆ ಯಾವ ಹೊತ್ತಿಗೆ ಮನೆಯವರಿಗೆ ಹೇಳುತ್ತಿದ್ದೆ?" "ಅವನಿಗೆ ಅಷ್ಟು ಪ್ರೀತಿ ಇದೆಯಲ್ಲ" ಅಂತ ಉತ್ತರ ಬಂದರೆ ಸರಣಿ ಅಲ್ಲಿಗೇ ನಿಲ್ಲಿಸಿ ಮಾತು ಮುಂದುವರಿಸಿ. ನೋಡಿದ ಮೇಲೆ ನಿದ್ದೆ ಕೆಟ್ಟು, ಒಂದೆರಡು ವಾರ ಕಳೆದರೂ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ನಿಜಕ್ಕೂ ಬೆನ್ನು ಬಿದ್ದಿದ್ದಾರೆ ಅಂತ ಮಾತಿನ ನಡುವೆ ಬಾಯಿಬಿಟ್ಟರೆ ಮಕ್ಕಳ ಸಹಾಯವಾಣಿ 1098.

ತುಂಗಾತೀರ, ತೀರ್ಥಹಳ್ಳಿ
ಎಲ್ಲರಿಗೂ ಧನ್ಯವಾದ. ಮೊದಲು ನಾನು ನೋಡುತ್ತೇನೆ. ಅಲ್ಲಿಯವರೆಗೆ ಟಿವಿಯಲ್ಲಿ ಲಾಕ್ ಮಾಡುವುದು ಹೇಗೆ?

ಪರದೆ-ಬೆಳಕು, ಹೆಗ್ಗೋಡು
ನೆಟ್‌ಫ್ಲಿಕ್ಸ್ ಆದರೆ ಬ್ರೌಸರಿನಲ್ಲಿ ಅಕೌಂಟ್ ತೆರೆದು ಮಗನ ಪ್ರೊಫೈಲಿಗೆ ಹೋಗಿ, ವಯಸ್ಸಿನ ಮಿತಿ 13+ ಮಾಡಿ. ಅಲ್ಲೇ ಸರಣಿಯ ಹೆಸರು ಹಾಕಿ ಅದೊಂದನ್ನೇ ತಡೆಯಲೂ ಬರುತ್ತದೆ. ಹೆಚ್ಚಿನವರು ಇಲ್ಲಿಗೇ ಬಿಡುತ್ತಾರೆ, ಹುಡುಗ ಅಪ್ಪನ ಪ್ರೊಫೈಲಿಗೆ ಹಾರುತ್ತಾನೆ. ಹಾಗಾಗಿ ದೊಡ್ಡವರ ಪ್ರೊಫೈಲಿಗೆಲ್ಲ 4 ಅಂಕಿಯ ಪಿನ್ ಹಾಕಿ, ಹೊಸ ಪ್ರೊಫೈಲ್ ಸೇರಿಸಲೂ ಪಿನ್ ಕೇಳುವ ಹಾಗೆ ಮಾಡಿ. ಪ್ರೈಮ್ ವಿಡಿಯೋದಲ್ಲಿ ಪಿನ್ 5 ಅಂಕಿ. ಅಲ್ಲಿ ಫೋನಿನಲ್ಲಿ ಹಾಕಿದ ತಡೆ ಟಿವಿಗೂ ಬಂದಿದೆ ಅಂತ ನಂಬಿ ಕೂರಬೇಡಿ, ಟಿವಿಯಲ್ಲೇ ಆ ಸರಣಿ ಒತ್ತಿ ಪಿನ್ ಕೇಳುತ್ತದಾ ನೋಡಿಕೊಳ್ಳಿ.