ಸಹಾಯ ಬೇಕು: ಜಿ6ಪಿಡಿ ಕೊರತೆಯಿರುವ ಕೂಸಿಗೆ ಸೊಪ್ಪಿನ ನೀರು ಎರೆಯಬಹುದೇ?

ನಾವು ಗಂಗಾವತಿಯವರು. ತಂಗಿಯ ಗಂಡುಮಗುವಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ, ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವದ ಕೊರತೆ ಇದೆ. ಇಂಥ ಮಕ್ಕಳಿಗೆ ಗೋರಂಟಿಯನ್ನು ಮೈಗೆ ಹಚ್ಚಿದರೂ ಕೆಂಪು ರಕ್ತಕಣಗಳು ಒಡೆಯಬಹುದು. ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯೂ ಅಪಾಯ. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದಿದ್ದಾರೆ ವೈದ್ಯರು.

ಆದರೆ ಅಜ್ಜಿಗೆ, ಸೊಪ್ಪು ಕುದಿಸಿದ ನೀರು ಎರೆಯದಿದ್ದರೆ ಕೂಸಿನ ಮೈ ಗಟ್ಟಿಯಾಗದು ಎಂಬ ಚಿಂತೆ. ಅವರ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಸಂತೆಯಿಂದ ತಂದ ಸ್ನಾನದ ಪುಡಿಯಲ್ಲಿ ಏನೇನು ಬೆರೆತಿದೆಯೆಂದು ಪೊಟ್ಟಣದ ಮೇಲೆ ಬರೆದಿಲ್ಲ. ಸದ್ಯ ಅದನ್ನು ಎತ್ತಿಟ್ಟು, ಬರೀ ಬೆಚ್ಚನೆಯ ನೀರು ಹಾಕುತ್ತಿದ್ದೇವೆ.

ಇದೇ ಕೊರತೆಯ ಮಕ್ಕಳನ್ನು ಬೆಳೆಸಿದ ಅಕ್ಕಂದಿರೇ, ನಿಮ್ಮ ವೈದ್ಯರು ಯಾವ ಯಾವ ಸೊಪ್ಪು ಬೇಡವೆಂದರು? ಹಿರಿಯರಿಗೆ ಹೇಗೆ ತಿಳಿಸಿ ಹೇಳಿದಿರಿ? ಕೊಪ್ಪಳ ಅಥವಾ ಬಳ್ಳಾರಿಯಲ್ಲಿ ಮಕ್ಕಳ ರಕ್ತರೋಗ ತಜ್ಞರು ಸಿಗುತ್ತಾರೆಯೇ?