ಶೇಂಗಾ ಚಟ್ನಿ ಪುಡಿಗೆ ಎಂಥ ಪ್ಯಾಕೆಟ್?

ಪ್ರಶ್ನೆ (ಸಿಂಧನೂರು): ಮನೆಯಲ್ಲೇ ಶೇಂಗಾ ಚಟ್ನಿ ಪುಡಿ ಮಾಡಿ ರಾಯಚೂರಿನ ಅಂಗಡಿಗಳಿಗೆ ಕೊಡುತ್ತೇವೆ. ಪುಡಿ ಕಾಣಲಿ ಎಂದು ಪಾರದರ್ಶಕ ಪಾಲಿಥಿನ್ ಚೀಲ ಬಳಸುತ್ತಿದ್ದೇವೆ. ಬೇಸಿಗೆಯಲ್ಲಿ ಕಮಟು ವಾಸನೆ ಎಂದು ಮಾಲು ವಾಪಸ್ ಬರುತ್ತದೆ. ದಪ್ಪ ಚೀಲ ಹಾಕೋಣವೇ?

ಉತ್ತರ (ಪ್ಯಾಕೇಜಿಂಗ್ ತಂತ್ರಜ್ಞ): ಖರ್ಚು ಹೆಚ್ಚುತ್ತದೆ, ರೋಗ ವಾಸಿಯಾಗುವುದಿಲ್ಲ. ಶೇಂಗಾ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಕುಟ್ಟಿದ ಮೇಲೆ ಆ ಎಣ್ಣೆಗೆ ಆಮ್ಲಜನಕ ತಗುಲಿ ಕಮಟಾಗುತ್ತದೆ. ಬೆಳಕು, ಶಾಖ ಅದಕ್ಕೆ ಕುಮ್ಮಕ್ಕು. ರಾಯಚೂರಿನ ಏಪ್ರಿಲ್‌ನಲ್ಲಿ ಅಂಗಡಿಯ ಮುಂದೆ ನೇತುಹಾಕಿದ ಚೀಲಕ್ಕೆ ಎರಡೂ ಧಾರಾಳ. ಪಾಲಿಥಿನ್ ತೇವವನ್ನು ಚೆನ್ನಾಗಿ ತಡೆಯುತ್ತದೆ, ಆಮ್ಲಜನಕವನ್ನು ಸಲೀಸಾಗಿ ಒಳಬಿಡುತ್ತದೆ.

ಚಿಪ್ಸ್ ಪ್ಯಾಕೆಟ್ಟೊಂದನ್ನು ಕತ್ತರಿಸಿ ನೋಡಿ. ಹೊರಗೆ ಮುದ್ರಣ ಹಿಡಿಯುವ ಪದರ, ಒಳಗೆ ಬಿಸಿಗೆ ಕರಗಿ ಅಂಟುವ ಪದರ, ನಡುವೆ ಹೊಳೆಯುವ ಅತಿ ತೆಳು ಅಲ್ಯೂಮಿನಿಯಂ ಲೇಪ. ಬೆಳಕನ್ನೂ ಆಮ್ಲಜನಕವನ್ನೂ ತಡೆಯುವುದು ಆ ಲೇಪ. ಪ್ಯಾಕೆಟ್ ಉಬ್ಬಿರುವುದು ಸಾರಜನಕದಿಂದ. ಅದಕ್ಕೆ ಬೇಕಾದ ಯಂತ್ರಕ್ಕೆ ನೀವೀಗಲೇ ಸಾಲ ಮಾಡಬೇಡಿ. ಲೇಪವಿರುವ ಸಿದ್ಧ ಚೀಲ ತಂದು, ಆಮ್ಲಜನಕ ಹೀರುವ ಪುಟ್ಟ ಪೊಟ್ಟಣವೊಂದನ್ನು ಒಳಗಿಡಿ. ಅದರಲ್ಲಿರುವ ಕಬ್ಬಿಣದ ಪುಡಿ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ಖಾಲಿ ಮಾಡುತ್ತದೆ. ಅಂಗಡಿಯವರು ಸಿಲಿಕಾ ಜೆಲ್ ಕೊಟ್ಟಾರು, ಎಚ್ಚರ: ಅದು ಹೀರುವುದು ತೇವವನ್ನಷ್ಟೇ.

ಇಷ್ಟೆಲ್ಲ ಮಾಡಿಯೂ ಕೆಡುವುದು ಬೆಸುಗೆಯಲ್ಲಿ. ಚೀಲದ ಬಾಯಿಗೆ ಎಣ್ಣೆಪುಡಿ ಮೆತ್ತಿದ್ದರೆ ಪ್ಲಾಸ್ಟಿಕ್ ಪೂರ್ತಿ ಅಂಟುವುದಿಲ್ಲ. ಪುಡಿ ಪೂರ್ತಿ ಆರಿದ ಮೇಲೆ ಲಾಳಿಕೆಯಿಂದ ತುಂಬಿ, ಬಾಯಿಯನ್ನು ಒಣಬಟ್ಟೆಯಿಂದ ಒರೆಸಿ ಬೆಸೆಯಿರಿ. ಆಗಾಗ ಒಂದು ಪ್ಯಾಕೆಟ್ಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಗುಳ್ಳೆ ಎಲ್ಲಿಂದ ಬರುತ್ತದೆಯೋ ಸೋರಿಕೆ ಅಲ್ಲೇ.

ಪ್ರಶ್ನೆ (ಕೊಪ್ಪಳ): ನಮ್ಮದು ಖಡಕ್ ಜೋಳದ ರೊಟ್ಟಿ. ನಮಗೂ ಲೇಪದ ಚೀಲವೇ ಬೇಕೇ?

ಉತ್ತರ: ಬೇಡ. ರೊಟ್ಟಿಯಲ್ಲಿ ಎಣ್ಣೆ ಅತಿ ಕಡಿಮೆ. ನಿಮ್ಮ ಶತ್ರು ಮಳೆಗಾಲದ ತೇವ, ಇನ್ನೊಂದು ಬಸ್ಸಿನ ಕುಲುಕಾಟ. ಚೆನ್ನಾಗಿ ಬೆಸೆದ ಪಾಲಿಥಿನ್ ಚೀಲ, ಅದರ ಹೊರಗೆ ಗಟ್ಟಿ ರಟ್ಟಿನ ಡಬ್ಬಿ ಸಾಕು. ಹಳೆಯ ಪತ್ರಿಕೆ ಮಾತ್ರ ಸುತ್ತಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ಅದನ್ನು ನಿಷೇಧಿಸಿದೆ, ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆ.

ಪ್ರಶ್ನೆ (ಸಿಂಧನೂರು): ಪುಡಿ ಕಾಣದಿದ್ದರೆ ಗಿರಾಕಿಗಳು ಕೊಳ್ಳುತ್ತಾರೆಯೇ?

ಉತ್ತರ: ಅಂಗಡಿಯಲ್ಲಿ ಒಂದು ಗಾಜಿನ ಬಾಟಲಿಯಲ್ಲಿ ರುಚಿ ನೋಡಲು ಇಡಿ, ವಾರಕ್ಕೊಮ್ಮೆ ಬದಲಿಸಿ. ಲೇಬಲ್ ಮುದ್ರಿಸುವಾಗ ‘ಶೇಂಗಾ ಇದೆ’ ಎಂದು ಪ್ರತ್ಯೇಕವಾಗಿ ಹಾಕಿಸಿ. ಅಲರ್ಜಿ ಉಂಟುಮಾಡುವ ಪದಾರ್ಥವೆಂದು ಅದನ್ನು ತಿಳಿಸುವುದು ಕಡ್ಡಾಯ.