ಸಾನ್ ಹುವಾನ್ ಪರ್ವತಗಳ ಹಳೆಯ ಗಣಿ ರಸ್ತೆಗಳಲ್ಲಿ ಜುಲೈ ತಿಂಗಳ ಬೈಕ್ ಪ್ರಯಾಣ: ಸಲಹೆ ಬೇಕು

ತುಂಗಾತೀರ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಡೆನ್ವರ್‌ನಲ್ಲಿ ನೆಲೆಸಿದ್ದೇನೆ. ಬರುವ ಜುಲೈನಲ್ಲಿ ಕೊಲೊರಾಡೊದ ನೈಋತ್ಯ ಮೂಲೆಯ ಸಾನ್ ಹುವಾನ್ ಪರ್ವತಗಳಿಗೆ ಹೋಗಿ, ಸಿಲ್ವರ್ಟನ್, ಲೇಕ್ ಸಿಟಿ ಮತ್ತು ಯೂರೇ ಪಟ್ಟಣಗಳ ನಡುವಿನ ಹಳೆಯ ಗಣಿ ರಸ್ತೆಗಳನ್ನು ಜೋಡಿಸಿದ, ಸುಮಾರು 105 ಕಿ.ಮೀ. ಉದ್ದದ ಆಲ್ಪೈನ್ ಲೂಪ್‌ನಲ್ಲಿ ಬೈಕ್ ಓಡಿಸಬೇಕೆಂದಿದ್ದೇನೆ. ನನ್ನದು ಕಾರ್ಬುರೇಟರ್ ಇರುವ ಸುಜುಕಿ ಡಿಆರ್-ಝಡ್ 400 ಎಸ್. ಮಣ್ಣುರಸ್ತೆಯ ಅಭ್ಯಾಸವಿದೆ, ಆದರೆ ಇಷ್ಟು ಎತ್ತರದ ಅನುಭವವಿಲ್ಲ. ಸಿಲ್ವರ್ಟನ್‌ನಿಂದ ಬೆಳಗ್ಗೆ ಒಂಬತ್ತಕ್ಕೆ ಹೊರಟು, ಲೇಕ್ ಸಿಟಿಯಲ್ಲಿ ಊಟ ಮಾಡಿ, ಸಂಜೆಯೊಳಗೆ ಹಿಂದಿರುಗುವ ಯೋಜನೆ ಸರಿಯೇ? ದಾರಿಯಲ್ಲಿ ಸಿಗುವ ಗಣಿ ಸುರಂಗಗಳ ಒಳಗೆ ಸ್ವಲ್ಪ ದೂರ ಹೋಗಿ ನೋಡಬಹುದೇ? ಫಿಲ್ಟರ್ ಇರುವ ಬಾಟಲಿ ಒಯ್ದರೆ ತೊರೆಯ ನೀರನ್ನು ಕುಡಿಯಬಹುದೇ?

ಘಟ್ಟದ ಸವಾರ

ದಾರಿಯ ಆಯ್ಕೆ ಸರಿಯಾಗಿದೆ. ಹೊರಡುವ ಸಮಯ ಮಾತ್ರ ಸರಿಯಿಲ್ಲ. ಸಿಲ್ವರ್ಟನ್ ಪೇಟೆಯೇ ಸುಮಾರು 2,840 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ 900 ಮೀಟರ್‌ನಷ್ಟು ಮೇಲೆ. ಅಲ್ಲಿಂದ ಲೂಪ್‌ನಲ್ಲಿ ಬೆಟ್ಟಸಾಲನ್ನು ದಾಟಿಸುವ ಎರಡು ದಾರಿಗಳಾದ ಸಿನಮನ್ ಪಾಸ್ 3,853 ಮೀಟರ್‌ಗೂ ಎಂಜಿನಿಯರ್ ಪಾಸ್ ಸುಮಾರು 3,900 ಮೀಟರ್‌ಗೂ ಏರುತ್ತವೆ. ಸ್ಪ್ರೂಸ್ ಮರಗಳ ಕಾಡು ಇವೆರಡಕ್ಕೂ ಸಾಕಷ್ಟು ಕೆಳಗೇ ನಿಂತುಹೋಗುತ್ತದೆ. ಮೇಲೆ ಬರೀ ಹುಲ್ಲು ಮತ್ತು ಬಂಡೆ. ಜುಲೈ ಮತ್ತು ಆಗಸ್ಟ್‌ನ ಮಳೆ ಅಲ್ಲಿ ಮಲೆನಾಡಿನ ಜಡಿಮಳೆಯಂತೆ ಹಿಡಿದು ಸುರಿಯುವುದಿಲ್ಲ. ಬೆಳಗ್ಗೆ ಆಕಾಶ ತಿಳಿಯಾಗಿದ್ದು, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ, ಗುಡುಗು ಮಿಂಚು ಆಲಿಕಲ್ಲುಗಳೊಡನೆ ಎರಗುತ್ತದೆ. ನಿಮ್ಮ ಯೋಜನೆಯ ಪ್ರಕಾರ ಊಟ ಮುಗಿಸಿ ಹಿಂದಿರುಗುವಾಗ ಎಂಜಿನಿಯರ್ ಪಾಸ್‌ನ ಬೋಳುನೆತ್ತಿಯ ಮೇಲೆ ನೀವಿರುವುದು ಸರಿಯಾಗಿ ಅದೇ ಹೊತ್ತಿಗೆ.

ಆದ್ದರಿಂದ ಲೇಕ್ ಸಿಟಿಯಲ್ಲಿ ಒಂದು ರಾತ್ರಿ ತಂಗಿರಿ. ಮೊದಲ ದಿನ ಬೆಳಕು ಹರಿದೊಡನೆ ಹೊರಟು, ಅನಿಮಸ್ ಫೋರ್ಕ್ಸ್ ಮೂಲಕ ಸಿನಮನ್ ಪಾಸ್ ದಾಟಿ. ಮರುದಿನ ಬೆಳಗ್ಗೆಯೇ ಎಂಜಿನಿಯರ್ ಪಾಸ್ ದಾಟಿ ಇಳಿಯಿರಿ. ಹೀಗೆ ಮಾಡಿದರೆ 1870ರ ದಶಕದಲ್ಲಿ ಹುಟ್ಟಿ ಈಗ ನಿರ್ಜನವಾಗಿರುವ ಅನಿಮಸ್ ಫೋರ್ಕ್ಸ್‌ನ ಮರದ ಮನೆಗಳನ್ನು ನೋಡಲು ಸಮಯವೂ ಸಿಗುತ್ತದೆ. ಅವುಗಳಲ್ಲಿ ಒಂದಕ್ಕೆ ಮುಂದಕ್ಕೆ ಚಾಚಿದ ದೊಡ್ಡ ಕಿಟಕಿಯಿದ್ದು, ಒಳಗೆ ನಿಂತರೆ ಇಡೀ ಕಣಿವೆ ಕಾಣುತ್ತದೆ. ಅಂಥ ಕೊರಕಲಿನಲ್ಲಿ ಯಾರಿಗೆ ಈ ಶೋಕಿ ಹೊಳೆಯಿತೋ! ಎಂಜಿನಿಯರ್ ಪಾಸ್‌ನಿಂದ ನೇರವಾಗಿ ಯೂರೇ ಕಡೆಯ ಹೆದ್ದಾರಿಗೆ ಇಳಿಯುವ ಕವಲನ್ನು ಮಾತ್ರ ಹಿಡಿಯಬೇಡಿ. ಅದರ ಕೆಳಭಾಗ ಮೆಟ್ಟಿಲುಮೆಟ್ಟಿಲಾದ ಬಂಡೆ, ಇಡೀ ಲೂಪ್‌ನಲ್ಲಿ ಅತ್ಯಂತ ಕಠಿಣವಾದ ತುಂಡು.

ಗ್ಯಾರೇಜ್ ಮೂಲೆ

ಬೈಕಿನ ಬಗ್ಗೆ ನಾಲ್ಕು ಮಾತು. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯುತ್ತದೆ. ಫ್ಯುಯಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ತಾನಾಗಿ ಕಡಿಮೆಯಾಗುತ್ತದೆ, ಕಾರ್ಬುರೇಟರ್‌ಗೆ ಆ ವಿವೇಕವಿಲ್ಲ. ಗಾಳಿ ಸಾಲದೆ ಮಿಶ್ರಣ ರಿಚ್ ಆಗಿ, ಅಂದರೆ ಪೆಟ್ರೋಲ್ ಪಾಲು ಹೆಚ್ಚಾಗಿ, ಪ್ಲಗ್ ಕಪ್ಪಾಗಿ, ಬೈಕ್ ತಡವರಿಸತೊಡಗುತ್ತದೆ. ಹೆಚ್ಚಿನವರು ಕೂಡಲೇ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಮುಖ್ಯ ರಂಧ್ರವಾದ ಮೇನ್ ಜೆಟ್ ಬದಲಿಸಲು ಓಡುತ್ತಾರೆ. ಆದರೆ ಮೇನ್ ಜೆಟ್‌ನ ಪ್ರಭಾವ ಹೆಚ್ಚಾಗಿ ಕಾಣುವುದು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ. ಈ ರಸ್ತೆಗಳಲ್ಲಿ ನೀವು ಫಸ್ಟ್ ಮತ್ತು ಸೆಕೆಂಡ್ ಗೇರ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಥ್ರಾಟಲ್‌ನಲ್ಲೇ ಏರುವವರಾದ್ದರಿಂದ, ಕಡಿಮೆ ಥ್ರಾಟಲ್‌ನಲ್ಲಿ ಪೆಟ್ರೋಲ್ ಒದಗಿಸುವ ಪೈಲಟ್ ಸರ್ಕ್ಯೂಟ್ ಸರಿಹೊಂದಿಸಿ, ಏರ್ ಫಿಲ್ಟರ್ ಶುಚಿಯಾಗಿಟ್ಟುಕೊಂಡರೆ ಬಹುಪಾಲು ತೊಂದರೆ ತಪ್ಪುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಗೇರಿಂಗ್. ನಿಮ್ಮ ಬೈಕಿನ ಫಸ್ಟ್ ಗೇರ್ ಇಂಥ ಏರಿಗೆ ತುಸು ಉದ್ದ, ಅಂದರೆ ತೀರಾ ನಿಧಾನವಾಗಿ ಏರಲು ಒಗ್ಗುವುದಿಲ್ಲ. ಚೈನ್ ಎಳೆಯುವ ಮುಂದಿನ ಹಲ್ಲುಚಕ್ರದಲ್ಲಿ (ಸ್ಪ್ರಾಕೆಟ್) ಒಂದು ಹಲ್ಲು ಕಡಿಮೆ ಮಾಡಿಸಿದರೆ, ಸಡಿಲ ಕಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ಕ್ಲಚ್ ಸುಡುವ ಪ್ರಮೇಯ ಬರುವುದಿಲ್ಲ. ಮೂರು ಪಟ್ಟಣಗಳ ನಡುವೆ ಎಲ್ಲೂ ಪೆಟ್ರೋಲ್ ಸಿಗದು, ತುಂಬಿಸಿಕೊಂಡೇ ಹೊರಡಿ.

ಸಂಡೂರು ಕಡೆಯವ

ನಾನು ಗಣಿ ಕೆಲಸದ ಹಿನ್ನೆಲೆಯವನು. ಸುರಂಗದ ಪ್ರಶ್ನೆಗೆ ನನ್ನ ಉತ್ತರ, ಹತ್ತು ಹೆಜ್ಜೆಯೂ ಬೇಡ. ಪಾಳುಬಿದ್ದ ಗಣಿಯಲ್ಲಿ ಆಸರೆಯ ಮರಗಳು ಕೊಳೆತಿರುತ್ತವೆ, ಆಮ್ಲಜನಕವಿಲ್ಲದ ಗಾಳಿ ವಾಸನೆಯಿಲ್ಲದೆ ತುಂಬಿರುತ್ತದೆ, ನೆಲವೆಂದು ಕಾಲಿಟ್ಟ ಹಲಗೆಯ ಕೆಳಗೆ ಆಳವಾದ ಬಾವಿಯಿರಬಹುದು.

ನೀರಿನ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿನ ಬಂಡೆಯಲ್ಲಿರುವ ಪೈರೈಟ್ ಎಂಬ ಕಬ್ಬಿಣದ ಸಲ್ಫೈಡ್, ನೀರು ಮತ್ತು ಗಾಳಿ ಸೋಕಿದಾಗ ಗಂಧಕಾಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಸತು, ಕ್ಯಾಡ್ಮಿಯಂ, ಸೀಸಗಳನ್ನು ಕರಗಿಸಿಕೊಂಡು ಹರಿಯುತ್ತದೆ. ಸಿಲ್ವರ್ಟನ್‌ನಲ್ಲಿ ಅನಿಮಸ್ ನದಿಯನ್ನು ಸೇರುವ ಸಿಮೆಂಟ್ ಕ್ರೀಕ್‌ನ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಪದರ ಮೆತ್ತಿಕೊಂಡಿರುವುದಕ್ಕೆ ಕಾರಣ ಇದೇ. ನ್ಯಾಯವಾಗಿ ಹೇಳಬೇಕೆಂದರೆ ಗಣಿಗಾರಿಕೆಗೆ ಮೊದಲೂ ಆ ತೊರೆ ಆಮ್ಲೀಯವೇ ಆಗಿತ್ತು, ಆದರೆ ಬೆಟ್ಟವನ್ನು ಕೊರೆದದ್ದರಿಂದ ಗಾಳಿ ಮತ್ತು ನೀರಿಗೆ ಸಾವಿರ ದಾರಿ ತೆರೆದಂತಾಯಿತು. 2015ರ ಆಗಸ್ಟ್ 5ರಂದು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕೆಲಸ ನಡೆಯುತ್ತಿದ್ದಾಗಲೇ, ಗೋಲ್ಡ್ ಕಿಂಗ್ ಗಣಿಯಲ್ಲಿ ಕಟ್ಟಿಕೊಂಡಿದ್ದ ನೀರು ನುಗ್ಗಿ, ಸುಮಾರು 30 ಲಕ್ಷ ಗ್ಯಾಲನ್‌ನಷ್ಟು ಸಿಮೆಂಟ್ ಕ್ರೀಕ್‌ಗೆ ಹರಿದು, ಅನಿಮಸ್ ನದಿಯೇ ಹಳದಿಯಾಯಿತು. ಮರುವರ್ಷ ಆ ಪ್ರದೇಶವನ್ನು ಸೂಪರ್‌ಫಂಡ್ ಎಂಬ ಸರ್ಕಾರಿ ಶುದ್ಧೀಕರಣ ಯೋಜನೆಯ ಪಟ್ಟಿಗೆ ಸೇರಿಸಿದರು. ಸಾಮಾನ್ಯ ಫಿಲ್ಟರ್ ಬಾಟಲಿ ಕ್ರಿಮಿಗಳನ್ನು ತಡೆಯುತ್ತದೆಯೇ ಹೊರತು ಕರಗಿದ ಲೋಹವನ್ನಲ್ಲ. ಕುಡಿಯುವ ನೀರನ್ನು ಪೇಟೆಯಿಂದಲೇ ಒಯ್ಯಿರಿ.

ತುಂಗಾತೀರ

ಮೂವರಿಗೂ ಧನ್ಯವಾದಗಳು. ಲೇಕ್ ಸಿಟಿಯಲ್ಲಿ ತಂಗುವುದೆಂದು ತೀರ್ಮಾನಿಸಿದ್ದೇನೆ. ಇನ್ನೊಂದು ಪ್ರಶ್ನೆ: ಕಿರಿದಾದ ಕಡೆ ಎದುರಿನಿಂದ ಜೀಪ್ ಬಂದರೆ ಯಾರು ನಿಲ್ಲಬೇಕು? ಪಕ್ಕದ ಹುಲ್ಲಿನ ಮೇಲೆ ಇಳಿಸಬಹುದೇ?

ಘಟ್ಟದ ಸವಾರ

ಏರುತ್ತಿರುವವರಿಗೆ ಮೊದಲ ಹಕ್ಕು; ಇಳಿಯುವವರು ನಿಂತು ದಾರಿ ಬಿಡಬೇಕು. ಆದರೂ ಜೀಪ್ ಹಿಂದಕ್ಕೆ ಸರಿಯುವುದಕ್ಕಿಂತ ಬೈಕ್ ಅಂಚಿಗೆ ನಿಲ್ಲುವುದು ಸುಲಭವಾದ್ದರಿಂದ, ಅಗಲವಾದ ಜಾಗ ಕಂಡಲ್ಲಿ ನೀವೇ ನಿಂತುಬಿಡಿ, ಸಾಧ್ಯವಾದಷ್ಟೂ ಬೆಟ್ಟದ ಗೋಡೆಯ ಕಡೆಗೆ. ಹುಲ್ಲಿನ ಮೇಲೆ ಮಾತ್ರ ಚಕ್ರ ಇಳಿಸಬೇಡಿ. ಅಲ್ಲಿ ಗಿಡ ಬೆಳೆಯಲು ವರ್ಷಕ್ಕೆ ಸಿಗುವುದು ಕೆಲವೇ ವಾರಗಳ ಬೇಸಿಗೆ, ಒಮ್ಮೆ ಬಿದ್ದ ಚಕ್ರದ ಗುರುತು ದಶಕಗಳ ಕಾಲ ಉಳಿಯುತ್ತದೆ; ಅಲ್ಲದೆ ಗುರುತಿಸಿದ ರಸ್ತೆ ಬಿಟ್ಟು ವಾಹನ ಓಡಿಸುವುದು ಅಲ್ಲಿ ಕಾನೂನುಬಾಹಿರ.